ಅಟ್ಟದ ಕಾಯಿಯ ಮೇಲೆ ದೂರು

ಮೂರು ತಿಂಗಳ ಉಜ್ವಲನನ್ನು ತಿಪಟೂರಿನಲ್ಲಿ ನಾನು ನಡೆಸುವ ಮಕ್ಕಳ ಆಸ್ಪತ್ರೆಗೆ ತಂದವರು ಜೊತೆಗೆ ಆರೋಪಿಯನ್ನೂ ತಂದಿದ್ದರು. ಕೈಚೀಲದಲ್ಲಿ ಒಂದು ಒಣ ತೆಂಗಿನಕಾಯಿ.

"ಅಟ್ಟದಿಂದ ಉರುಳಿ ಮಗೀನ ತಲೆ ಮ್ಯಾಲೆ ಬಿತ್ತಂತೆ ಕಣ್ರೀ ಡಾಕ್ಟ್ರಮ್ಮ," ಎಂದರು ಅಜ್ಜಿ ಗಿರಿಜಾಂಬಿಕಾ. ಅವರ ಮಗ, ಕೊಬ್ಬರಿ ವ್ಯಾಪಾರಿ ಯೋಗೀಶ, ಹೌದೆಂದು ತಲೆಯಾಡಿಸಿದ. ಸೊಸೆ ಸಿಂಧು ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಅಪ್ಪನ ಹತ್ತಿರವಿತ್ತು.

ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯ ಮೇಲೆ ದೂರು ಹೇಳುವವರೇ ಅಪರೂಪ. ಅದರಲ್ಲೂ ಇದು ಭಾರಿ ಮರ್ಯಾದಸ್ಥ ಕಾಯಿ. ಅಷ್ಟೆತ್ತರದಿಂದ ಬಿದ್ದರೂ ಎಳೆ ತಲೆಯ ಮೇಲೆ ಒಂದು ಗೀರಿಲ್ಲ, ಒಂದು ಬುಗುಟಿಲ್ಲ! ಮಗು ಮಾತ್ರ ಕಣ್ಣು ಬಿಡುತ್ತಿಲ್ಲ, ವಾಂತಿ ನಿಲ್ಲುತ್ತಿಲ್ಲ, ನೆತ್ತಿಯ ಮೆತ್ತನೆ ಜಾಗ ಉಬ್ಬಿದೆ. ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಸುತ್ತ ರಕ್ತ. ಕಣ್ಣಿನ ಡಾಕ್ಟರು ನೋಡಿದರೆ ಎರಡೂ ಕಣ್ಣಿನ ಹಿಂಭಾಗದಲ್ಲಿ ರಕ್ತ. ರಕ್ತದ ಕಾಯಿಲೆ ಏನಾದರೂ ಇದೆಯೇ ಎಂದು ಪರೀಕ್ಷೆ ಮಾಡಿಸಿದೆ, ಅದೂ ಇಲ್ಲ.

ಔಷಧಿ ಶುರು ಮಾಡಿ, ಬೆಂಗಳೂರಿಗೆ ಕಳಿಸಲು ಆಂಬುಲೆನ್ಸ್ ಕರೆಸಿದೆ. ಪೊಲೀಸರಿಗೂ ತಿಳಿಸಿದೆ.

"ಪೊಲೀಸ್ ಯಾಕ್ ಮೇಡಂ?" ಯೋಗೀಶ ಎದ್ದು ನಿಂತ. "ಆಳುಗಳಿಗೆ ಹೇಳಿ ಅಟ್ಟ ಪೂರ್ತಿ ಖಾಲಿ ಮಾಡಿಸ್ಬುಟ್ಟಿದೀನಿ. ಇನ್ನು ಮಗೀಗೆ ಮನೇಲಿ ಏನೂ ಭಯ ಇಲ್ಲ."

ಆಹಾ, ಎಂಥಾ ಜವಾಬ್ದಾರಿ! ಈ ಮಗುವನ್ನು ಮತ್ತೆ ಅದೇ ಕೈಗೆ ಕೊಟ್ಟರೆ ಇನ್ನೊಂದು ಸಲ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಾಯಿಯನ್ನು ಎತ್ತಿ ಅಜ್ಜಿಯ ಕಿವಿಯ ಹತ್ತಿರ ಅಲ್ಲಾಡಿಸಿದೆ.

"ಚಿಪ್ಪು ಒಡೆದಿದೆಯಾ ಅಮ್ಮಾ?"

"ಎಲ್ಲಿ ಒಡ್ದದೆ? ಗುಂಡುಕಲ್ಲಿದ್ದಂಗದೆ."

"ಮತ್ತೆ ಒಳಗೆ ಸದ್ದು?"

"ಕೊಬ್ಬರಿ ಚಿಪ್ಪು ಬುಟ್ಟದೆ ಕಣ್ರೀ. ಅಲ್ಲಾಡ್ಸಿದ್ರೆ ಒಳಗೊಳಗೇ ಬಡ್ಕೊಂತದೆ."

"ನಿಮ್ಮ ಮೊಮ್ಮಗನ ತಲೆಯೊಳಗೆ ಆಗಿರೋದೂ ಹಂಗೇ. ಮೇಲೆ ಏನೂ ಬಿದ್ದಿಲ್ಲ. ಯಾರೋ ಹಿಡ್ಕೊಂಡು ಜೋರಾಗಿ ಅಲ್ಲಾಡಿಸಿದಾರೆ."

ಅಜ್ಜಿ ಸೊಸೆಯ ಕಡೆ ತಿರುಗಲಿಲ್ಲ. ಮಗನ ಮುಖವನ್ನೇ ನೋಡಿದರು.

"ಅಳು ನಿಲ್ಲಿಸ್ಲೇ ಇಲ್ಲ ಕಣಮ್ಮ," ಎಂದ ಯೋಗೀಶ. "ಸಿಟ್ಟು ಬಂದ್ಬುಡ್ತು. ಒಂದೇ ಸಲ..."

ಸಿಂಧು ಗೋಡೆ ಹಿಡಿದು ಕುಸಿದು ಕೂತಳು. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ನರ್ಸ್ ಮಗುವನ್ನು ತಂದಾಗ ಎತ್ತಿಕೊಳ್ಳಲು ಯೋಗೀಶ ಕೈ ಚಾಚಿದ. ಅಜ್ಜಿ ಆ ಕೈಯನ್ನು ಗಪ್ಪನೆ ಹಿಡಿದುಕೊಂಡರು.

"ಸಿಂಧು, ಏಳವ್ವ. ಮಗೀನ ಜೊತೆ ನೀನು ಹೋಗು," ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಪೊಲೀಸ್ನೋರು ಎಷ್ಟೊತ್ತಿಗೆ ಬತ್ತಾರೆ ಡಾಕ್ಟ್ರಮ್ಮ? ಅಲ್ಲೀಗಂಟ ಇವನ್ನ ನಾನು ಬುಡಾಕಿಲ್ಲ."