ಮಸ್ಕತ್ತಿಗೆ ಹಿತಕಿದ ಬೇಳೆ

ಹೆಬ್ಬೆರಳಿನಡಿಯಿಂದ ಕಾಳು ಚಂಗನೆ ಜಿಗಿಯಿತು, ಪಾತ್ರೆಗೆ ಬೀಳದೆ ನನ್ನ ಫೋನಿನ ಮೇಲೆ ಬಿತ್ತು, ಫೋನು ಮಾತ್ರ ಸುಮ್ಮನೆ ಬಿದ್ದಿದೆ — ನೆನೆದ ಅವರೆಕಾಳಿಗಿರುವಷ್ಟು ಜೀವವೂ ಅದಕ್ಕಿಲ್ಲ, ಮೈದುನ ಉಮೇರ್ ಏನು ಮಾಡುತ್ತಿದ್ದಾನೋ ಅಲ್ಲಿ, ಏರ್‌ಪೋರ್ಟಿನ ಕಾರ್ಗೋ ಗೇಟಿನಲ್ಲಿ ಸಾಲು ಉದ್ದವಿರಬೇಕು, ಮೀನಿನವರು, ಮಾಂಸದವರು, ಹೂವಿನವರು, ಅವರೆಲ್ಲರ ನಡುವೆ ಹೆಪ್ಪುಗಟ್ಟಿಸಿದ ಬೇಳೆ ತುಂಬಿದ ನಮ್ಮ ಥರ್ಮಕೋಲ್ ಪೆಟ್ಟಿಗೆಗಳು, ಸರದಿ ಬಂದಾಗ ಒಂದರ ಬಾಯಿ ಬಿಚ್ಚಿ ಸೂಜಿಯಂಥ ಥರ್ಮಾಮೀಟರ್ ಚುಚ್ಚುತ್ತಾರಂತೆ, ಮೈನಸ್ ಹದಿನೆಂಟೋ ಅದಕ್ಕಿಂತ ಕೆಳಗೋ ತೋರಿಸಿದರೆ ವಿಮಾನ, ಇಲ್ಲದಿದ್ದರೆ ವಾಪಸ್ ತುಮಕೂರು. ಇನ್ನೊಂದು ಹಿಡಿ ಕಾಳು ತೆಗೆದುಕೊಂಡೆ, ಹಿತಕು, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ, ಊರ್ಡಿಗೆರೆ ಕಡೆಯ ಅವರೆ ಇದು, ಇಬ್ಬನಿ ಕುಡಿದದ್ದು, ಸೊಗಡು ಬೆರಳಿಗೆ ಹತ್ತಿದರೆ ಸೋಪು ಹಾಕಿದರೂ ಹೋಗದು. ಎದುರಿಗೆ ನೇತ್ರಾವತಿ ತಲೆ ತಗ್ಗಿಸಿ ಹಿತಕುತ್ತಿದ್ದಾಳೆ, ಆದರೆ ನನ್ನ ಫೋನಿನ ಮೇಲೇ ಅವಳ ಕಣ್ಣು. ಗಾರ್ಮೆಂಟ್ಸ್ ಬಸ್ಸು ಬಿಟ್ಟು ನನ್ನ ಮಾತು ನಂಬಿ ಬಂದವಳು, ಈಗ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿ ಇಲ್ಲಿ ಬಂದು ಕೂರುತ್ತಾಳೆ, ಜಡೆ ಹಾಕೋಕ್ ಟೈಮ್ ಸಿಗ್ತದೆ ಅಕ್ಕ, ಅಷ್ಟೇ ಸಾಕು ಅಂದಿದ್ದಳು. ಮಸ್ಕತ್ತಿನ ಅಂಗಡಿಯವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ, ಈ ಮೊದಲ ಲೋಡು ಸರಿಯಾಗಿ ಬಂದರೆ ಸೀಸನ್ ಪೂರ್ತಿ ನಿಮ್ಮ ಬೇಳೆಯೇ, ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಬರದಿದ್ದರೆ ನೇತ್ರಾವತಿಗೆ ಮತ್ತೆ ಅದೇ ಬಸ್ಸು, ಬೀದಿಯ ಉಳಿದ ಹೆಂಗಸರಿಗೂ ಅದೇ, ಅವರಿಗೆ ನಾನು ಹೇಗೆ ಮುಖ ತೋರಿಸಲಿ.

ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದರು, ಗೋಡೆಯಾಚೆಗೆ ನರಸಿಂಹಮ್ಮನ ಮನೆಯಿಂದಲೂ ಕೆಮ್ಮು, ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು, ನಗು ಬರುತ್ತದೆ, ಈ ಇಬ್ಬರು ಮುದುಕಿಯರ ಪ್ರೀತಿಯಿಂದಲೇ ನಿನ್ನೆ ಅಷ್ಟೆಲ್ಲ ಆದದ್ದು. ಬೆಳಿಗ್ಗೆ ವ್ಯಾನು ಹೊರಡುವ ಹೊತ್ತು, ಪೆಟ್ಟಿಗೆಗಳೆಲ್ಲ ಒಳಗೆ ಸೇರಿದ್ದವು, ನಮ್ಮ ಫ್ರೀಜರಿನಿಂದ ಹೊರಬಂದ ಬೇಳೆ ಕಲ್ಲಿನ ಹಾಗೆ ಗಟ್ಟಿ, ಉಮೇರ್ ಬಾಗಿಲು ಹಾಕಬೇಕು, ಆಗ ನರಸಿಂಹಮ್ಮ ಆರತಿ ತಟ್ಟೆ ಹಿಡಿದು ಬಂದರು, ತಡಿಯೋ ಹೈದ, ಮೊದಲ್ನೇ ಸಲ ಪರದೇಶಕ್ಕೆ ಹೊಂಟೈತೆ, ಬರಿಗೈಲಿ ಕಳಿಸ್ತಾರೇನ್ಲಾ, ಕರ್ಪೂರ ಹಚ್ಚಿದರು, ನಿಂಬೆಹಣ್ಣು ನಿವಾಳಿಸಿದರು, ಅದನ್ನು ನೋಡಿ ಅತ್ತೆ ಸುಮ್ಮನಿರುತ್ತಾರೆಯೇ, ಕುಲ್ಸುಂ ಬೀ ಯಾರಿಗೂ ಕಡಿಮೆಯಿಲ್ಲ, ವ್ಯಾನಿನ ಮೆಟ್ಟಿಲೇ ಹತ್ತಿ ನಿಂತು ದುವಾ ಓದಿ ಒಂದೊಂದು ಪೆಟ್ಟಿಗೆಗೂ ಬೇರೆ ಬೇರೆಯಾಗಿ ಊದಿದರು, ಆಮೇಲೆ ಫೋಟೋ, ಆಮೇಲೆ ಬೀದಿಯವರೆಲ್ಲ ಇಣುಕಿ ನೋಡಿದ್ದು, ಅಷ್ಟು ಹೊತ್ತೂ ಫ್ರೀಜರ್ ವ್ಯಾನಿನ ಬಾಗಿಲು ಹಾರುಹೊಡೆದುಕೊಂಡಿತ್ತು, ಒಳಗೆ ಉರಿಯುವ ಕರ್ಪೂರ. ನಾನೂ ನೋಡುತ್ತ ನಿಂತಿದ್ದೆ, ಕಣ್ಣು ತುಂಬಿ ಬಂದಿತ್ತು, ಬಾಗಿಲು ಮುಚ್ಚಿ ಅನ್ನಲು ಯಾರಿಗೂ ತೋಚಲಿಲ್ಲ. ಊರಂಚಿನ ಕ್ಯಾತ್ಸಂದ್ರ ತಲುಪಿದ ಮೇಲೆ ಉಮೇರ್ ಫೋನು, ಭಾಭಿ, ಟೆಂಪರೇಚರ್ ಮೀಟರ್ ಮೇಲೇರ್ತಾನೇ ಇದೆ, ಹಳೇ ಕಂಪ್ರೆಸ್ಸರ್, ಎಳೀತಾ ಇಲ್ಲ, ಹಿಂಗೇ ಹೋದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ. ಆಟೋ ಹತ್ತಿದೆ, ನೋಡಿದರೆ ಇಬ್ಬರು ಮುದುಕಿಯರೂ ಆಗಲೇ ಒಳಗೆ ಕೂತಿದ್ದಾರೆ, ತಪ್ ನಮ್ದು ಕಣೇ ತಹಸೀನಾ, ನಾವೂ ಬತ್ತೀವಿ, ಬಂದು ಏನು ಮಾಡುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಫೋನು ಮಿನುಗಿತು, ಅಯ್ಯೋ, ಯಾವುದೋ ಸೀರೆ ಅಂಗಡಿಯ ಮೆಸೇಜು. ನಿನ್ನೆ ನಾವು ಹೋಗಿ ನೋಡಿದರೆ ಹೆದ್ದಾರಿ ಪಕ್ಕದ ರಂಗಣ್ಣನ ಐಸ್‌ಕ್ರೀಂ ಗೋದಾಮಿನ ಮುಂದೆ ವ್ಯಾನು ನಿಂತಿತ್ತು, ಉಮೇರನಿಗೆ ಬೋರ್ಡು ಕಂಡಿತಂತೆ, ತಿರುಗಿಸಿದನಂತೆ, ರಂಗಣ್ಣ ನನಗೆ ಯಾರೂ ಅಲ್ಲ, ಮದುವೆ ಮನೆಗಳಿಗೆ ಸಪ್ಲೈ ಮಾಡುವವರು ಅನ್ನುವುದು ಬಿಟ್ಟರೆ ಏನೂ ಗೊತ್ತಿರಲಿಲ್ಲ. ನಾನು ಹೋಗಿ ನಿಂತೆ, ಬಾಯಿಂದ ಮಾತು ಹೊರಡುವ ಮೊದಲೇ ಅಳು ಬಂತು, ಅವರು ಮೀಟರ್ ನೋಡಿದರು, ನನ್ನನ್ನು ನೋಡಿದರು, ಏನಮ್ಮಾ, ಅತ್ಕಂಡ್ ನಿಂತ್ರೆ ತಣ್ಣಗಾಯ್ತದಾ ಬೇಳೆ, ಎತ್ತಿ ಎತ್ತಿ, ಪೆಟ್ಟಿಗೆ ಇಳಿಸಿ. ಜಾಗ ಎಲ್ಲಿದೆ, ಅವರ ಕೋಲ್ಡ್ ರೂಮಿನ ತುಂಬ ಸ್ಕೂಲ್ ಡೇಗೆಂದು ಮಾಡಿಟ್ಟ ಐಸ್‌ಕ್ರೀಂ ಡಬ್ಬಗಳು, ಅವನ್ನೇ ಹೊರಗೆ ಎತ್ತಿಸಿದರು, ಒಂದೂ ಬಿಡದೆ ಎತ್ತಿಸಿದರು, ಅಣ್ಣಾ ಬೇಡಿ ಅಂದೆ, ಬುಡಮ್ಮ, ನಮ್ ಮಾಲು ನಾಳೆ ಮಾಡ್ಕತೀವಿ, ನಿಮ್ ವಿಮಾನ ನಿಮ್ಗೋಸ್ಕರ ನಿಲ್ತದಾ. ನಮ್ಮ ಪೆಟ್ಟಿಗೆಗಳು ಒಳಗೆ ಹೋದವು, ಅವರ ಡಬ್ಬಗಳು ಬಿಸಿಲಿನಲ್ಲಿ, ರಂಗಣ್ಣ ರಸ್ತೆಗೆ ನಿಂತು ಕೂಗಿದರು, ಬನ್ರಪ್ಪೋ ಬನ್ನಿ, ಪುಗಸಟ್ಟೆ, ಬಸ್ಸಿಗೆ ಕಾಯುತ್ತಿದ್ದವರು, ಕಾಲೇಜು ಹುಡುಗಿಯರು, ಲಾರಿ ಡ್ರೈವರುಗಳು, ಮಫ್ಲರ್ ಸುತ್ತಿಕೊಂಡೇ ಐಸ್‌ಕ್ರೀಂ ತಿಂದರು, ಚಮಚಗಳು ಖಾಲಿಯಾದವು, ಜನ ಬೆರಳಲ್ಲೇ ಬಾಚಿದರು, ಮತ್ತು ಅಲ್ಲಿ, ಮೋರಿಯ ಕಟ್ಟೆಯ ಮೇಲೆ, ಇಬ್ಬರು ಮುದುಕಿಯರು, ಇಬ್ಬರ ನಡುವೆ ಒಂದು ಡಬ್ಬ, ಒಂದೇ ಒಂದು ಮರದ ಚಮಚ, ಅತ್ತೆ ಅದನ್ನು ನರಸಿಂಹಮ್ಮನ ಕಡೆಗೆ ಚಾಚಿದ್ದಾರೆ — ಸಂಜೆಯವರೆಗೆ ಪೆಟ್ಟಿಗೆಗಳು ಅಲ್ಲೇ ಇದ್ದವು, ರಂಗಣ್ಣನೇ ಪರಿಚಯದವರ ಇನ್ನೊಂದು ವ್ಯಾನು ತರಿಸಿ ತುಂಬಿಸಿದರು, ಈ ಸಲ ಬಾಗಿಲ ಹತ್ತಿರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ, ಆರತಿಗೀರತಿ ಎಲ್ಲ ಮನ್ಸಲ್ಲೇ ಮಾಡ್ಕಳಿ ಅಂದರು, ಉಮೇರ್ ಅದರಲ್ಲೇ ಹೊರಟ. ಕೃತಜ್ಞತೆ ಅನ್ನುವುದು ಭಾಷಣದ ಮಾತು, ನನ್ನ ಬಾಯಿಗೆ ಅದು ಒಗ್ಗುವುದಿಲ್ಲ, ಥ್ಯಾಂಕ್ಸ್ ಅಂದರೆ ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಂಡ ಹಾಗೆ, ಕೈ ಮುಗಿದೆ, ಅವರು ಆಗಲೇ ಬೆನ್ನು ತಿರುಗಿಸಿ ಹೊಸ ಐಸ್‌ಕ್ರೀಮಿಗೆ ಹಾಲು ಕಾಯಿಸಲು ಹೇಳುತ್ತಿದ್ದರು. ಯಾರೂ ಅಲ್ಲದವರು ಇಷ್ಟು ಮಾಡಿದರೆ ಮನಸ್ಸು ಎಲ್ಲಿ ಇಟ್ಟುಕೊಳ್ಳುವುದು ಈ ಭಾರವನ್ನು, ಭಾರವೂ ಅಲ್ಲ ಅದು, ಹೊಟ್ಟೆ ತುಂಬಿದ ಹಾಗೆ.

ಹಿತಕು, ಹಿತಕು, ಹಿಂಗೆ ಹಿಡೀಬೇಕು ಕಣೇ, ಉಗುರು ತಾಗಿಸ್ಬ್ಯಾಡ, ಬೇಳೆ ಒಡೀತದೆ — ನರಸಿಂಹಮ್ಮನೇ ಕಲಿಸಿದ್ದು, ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತು, ಜಗಲಿಯ ಮೇಲೆ ನನ್ನ ಬೆರಳು ಹಿಡಿದು ಕಲಿಸಿದರು, ಅಂದಿನಿಂದ ಪ್ರತಿ ಅವರೆ ಕಾಲಕ್ಕೂ ಬಂದು ಅತ್ತೆಯ ಪಕ್ಕದಲ್ಲೇ ಕೂರುವವರು, ಆದರೆ ಒಂದು ಲೋಟ ನೀರು ಮುಟ್ಟಿದವರಲ್ಲ, ನಮ್ಮ ಮನೆಯಲ್ಲಿ ಮಾತ್ರವಲ್ಲ, ಸ್ವಂತ ಬೀಗರ ಮನೆಯಲ್ಲೂ ಮುಟ್ಟಿದವರಲ್ಲ, ತಾವೇ ಬೇಯಿಸಿದ್ದು ತಾವೇ ತರುವುದು, ಮನೆಯಿಂದ ಚೊಂಬು ಹಿಡಿದೇ ಬರುವರು, ಅತ್ತೆ ಪ್ರತಿ ವರ್ಷ ಚಹಾ ಕೇಳುವುದೂ ಬಿಟ್ಟಿಲ್ಲ, ಅವರು ಬೇಡ ಅನ್ನುವುದೂ ಬಿಟ್ಟಿಲ್ಲ, ಅದಕ್ಕೆ ಇಬ್ಬರೂ ಬೇಜಾರು ಮಾಡಿಕೊಂಡವರಲ್ಲ, ಬಾಗಿಲಿಗೆ ಹೊಸಿಲು ಇದ್ದಂತೆ ಅದೂ ಇತ್ತು. ಮತ್ತೆ ಅದೇ ಚಮಚ ಕಣ್ಣಿಗೆ ಬರುತ್ತದೆ, ಅತ್ತೆಯ ಚಾಚಿದ ಕೈ, ಮಣಿಕಟ್ಟಿನವರೆಗೆ ಇಳಿಯುತ್ತಿರುವ ಐಸ್‌ಕ್ರೀಂ, ತಿನ್ನವ್ವಾ, ಕರಗ್ತೈತೆ — ಫೋನು. ಫೋನು! ನೇತ್ರಾವತಿಯೇ ಹಾರಿ ಎತ್ತಿಕೊಂಡು ನನ್ನ ಕಿವಿಗೆ ಒತ್ತಿದಳು, ಭಾಭಿ, ಪಾಸಾಯ್ತು, ಮೈನಸ್ ಹತ್ತೊಂಬತ್ತು, ಎಲ್ಲಾ ಪೆಟ್ಟಿಗೆ ಒಳಗೆ ಹೋಯ್ತು. ನೇತ್ರಾವತಿ ನನ್ನನ್ನು ತಬ್ಬಿಕೊಂಡಳು, ಅವಳ ಕೆನ್ನೆ ಒದ್ದೆ, ಅವಳ ಬೆರಳಲ್ಲೂ ಅದೇ ಸೊಗಡು, ಅಲ್ಹಮ್ದುಲಿಲ್ಲಾ, ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ ಏನಂತೆ ಏನಂತೆ, ಗೋಡೆಯಾಚೆಯಿಂದ ನರಸಿಂಹಮ್ಮನೂ ಕೂಗುತ್ತಿದ್ದಾರೆ ಏನಂತೆ ತಹಸೀನಾ, ಎದ್ದು ಹೋಗಿ ಹೇಳಬೇಕು, ರಂಗಣ್ಣನಿಗೆ ಫೋನು ಮಾಡಬೇಕು, ಏಳಲಾಗುತ್ತಿಲ್ಲ, ಹೆದ್ದಾರಿಯ ಬಿಸಿಲು, ಮೋರಿಯ ಕಟ್ಟೆ, ಅತ್ತೆಯ ತುಟಿಗೆ ತಾಗಿ ಬಂದ ಆ ಒಂದೇ ಚಮಚ, ನರಸಿಂಹಮ್ಮ ಅದನ್ನು ನೋಡುತ್ತಾರೆ, ಅತ್ತೆಯ ಮುಖ ನೋಡುತ್ತಾರೆ, ಬಾಯಿ ತೆರೆಯುತ್ತಾರೆ.