ಕಾರವಾರಕ್ಕೆ ಹೋಗಿ ಬಂದ ಪಂಪು

ನಾನು ಒಂದು ಸೈಕಲ್ ಪಂಪು. ಕಾಲಲ್ಲಿ ಮೆಟ್ಟಿ ಎರಡು ಕೈಯಿಂದ ಒತ್ತುವ ಹಳೆಯ ಜಾತಿ. ನನಗೆ ಹಿಡಿಕೆ ಕೂರಿಸಿದ ಕೆಲಸಗಾರ ಕೊಳವೆಯ ಬಾಯಿಗೆ ಹೆಬ್ಬೆರಳು ಅದುಮಿ ಗಾಳಿ ಒತ್ತಿದ. ಗಾಳಿಯ ರಭಸಕ್ಕೆ ಬೆರಳು ಪಕ್ಕಕ್ಕೆ ಚಿಮ್ಮಿತು. ಅಂದಿನಿಂದ ನನಗೆ ಸ್ವಲ್ಪ ಸೊಕ್ಕು. ನಾನಿಲ್ಲದೆ ಗಾಲಿ ತಿರುಗದು ಎಂಬ ಸೊಕ್ಕು.

ಮೊದಲು ವಿಜಯಪುರದ ಶಿವಯೋಗೆಪ್ಪನವರ ಬಾಡಿಗೆ ಸೈಕಲ್ ಅಂಗಡಿಯಲ್ಲಿದ್ದೆ. ಅವರು ಅಂಗಡಿ ಮುಚ್ಚಿದಾಗ ತಮ್ಮಲ್ಲಿ ಕೆಲಸ ಕಲಿತ ದಾವಲಸಾಬನ ಕೈಗೆ ನನ್ನನ್ನು ಕೊಟ್ಟರು. ದಾವಲಸಾಬ ರಿಪೇರಿಯಲ್ಲಿ ನಿಸ್ಸೀಮ. ಅವನ ಜೀವದ ಗೆಳೆಯ ಗುರುಲಿಂಗ, ಹೈಸ್ಕೂಲಿನ ಪಿ.ಟಿ. ಮಾಸ್ತರ. ಐವತ್ತರ ಹೊಸ್ತಿಲಲ್ಲಿ ಗುರುಲಿಂಗನಿಗೆ ಒಂದು ಹುಚ್ಚು ಹತ್ತಿತು: ಕಾರವಾರದಲ್ಲಿ ಎರಡು ಕಿಲೋಮೀಟರ್ ಸಮುದ್ರದಲ್ಲಿ ಈಜಿ, ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಇಪ್ಪತ್ತೊಂದು ಕಿಲೋಮೀಟರ್ ಓಡುವ ಟ್ರಯಥ್ಲಾನ್.

ಮೊದಲ ವರ್ಷ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊರಡುವ ಮುನ್ನ ದಾವಲಸಾಬನೇ ಪಂಕ್ಚರ್ ತಿದ್ದಿದ್ದ. ಆದರೆ ಟಯರಿನೊಳಗೆ ಬೆರಳಾಡಿಸಿ ನೋಡುವುದನ್ನು ಮರೆತಿದ್ದ. ಜಾಲಿಮುಳ್ಳಿನ ತುದಿ ಅಲ್ಲೇ ಉಳಿದು, ಸ್ಪರ್ಧೆಯ ದಾರಿಯಲ್ಲಿ ಎರಡು ಸಲ ಗಾಳಿ ಇಳಿಯಿತು. ಸೈಕಲ್ ಮುಗಿಸುವ ಗಡುವಿಗೆ ಗುರುಲಿಂಗ ಹನ್ನೊಂದು ನಿಮಿಷ ತಡವಾಗಿ ಬಂದ. ಸ್ಪರ್ಧೆ ನಡೆಸುವವರು ಓಡಲು ಬಿಡಲಿಲ್ಲ.

ಗುರುಲಿಂಗ ಗೆಳೆಯನನ್ನು ದೂರಲಿಲ್ಲ. ಆದರೆ ದಾವಲಸಾಬ ವರ್ಷವಿಡೀ ಆ ಸೈಕಲ್ಲನ್ನು ಮುಟ್ಟಲಿಲ್ಲ. “ನನ್ನ ಕೈಗುಣ ಸುಮಾರೈತಿ. ಬಾಯಿಲೆ ಹೇಳ್ತೀನಿ, ನೀನ ಮಾಡ್ಕೋ,” ಎನ್ನುತ್ತಿದ್ದ. ಗುರುಲಿಂಗ ಅಂಗಡಿಯ ನೆಲದಲ್ಲಿ ಕೂತು ಕೈ ಕಪ್ಪು ಮಾಡಿಕೊಂಡು ಕಲಿತ. ದಾವಲಸಾಬನ ಮುಖ ನೋಡಿ ನನಗೆ ಸಂಕಟವಾಗುತ್ತಿತ್ತು.

ಮರುವರ್ಷ ದಾವಲಸಾಬ ನನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗುರುಲಿಂಗನ ಜೊತೆ ಬಸ್ಸು ಹತ್ತಿದ. “ಅಲ್ಲಿ ಪಂಪು ಸಿಗಂಗಿಲ್ಲೇನೋ?” ಎಂದು ಗುರುಲಿಂಗ ನಕ್ಕ. “ಇರ್ಲಿ, ಧೈರ್ಯಕ್ಕ,” ಎಂದ ಇವನು. ನಾನು ಟವೆಲ್ಲಿನೊಳಗೇ ಉಬ್ಬಿಹೋದೆ.

ಸ್ಪರ್ಧೆಯ ದಿನ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಸೈಕಲ್ ಮುಗಿಯಬೇಕಿತ್ತು. ಹನ್ನೊಂದೂ ಐವತ್ತಕ್ಕೆ, ಇನ್ನೂ ಹನ್ನೆರಡು ಕಿಲೋಮೀಟರ್ ಇರುವಾಗ, ನಾವು ನಿಂತಿದ್ದ ತಿರುವಿನಲ್ಲೇ ಹಿಂದಿನ ಗಾಲಿ ಚಪ್ಪಟೆಯಾಯಿತು. ಗುರುಲಿಂಗ ಇಳಿದ. ದಾವಲಸಾಬ ನೋಡುಗರನ್ನು ತಡೆಯಲು ಕಟ್ಟಿದ್ದ ಹಗ್ಗವನ್ನು ಹಾರಿ ದಾಟಿ, ನನ್ನ ಪಾದ ಮೆಟ್ಟಿ ಕೊಳವೆ ಚಾಚಿಯೇಬಿಟ್ಟ.

“ಅಂಕಲ್, ಮುಟ್ಟಬೇಡಿ! ಹೊರಗಿನವ್ರು ಕೈ ಹಾಕಿದ್ರೆ ಅವ್ರನ್ನ ಸ್ಪರ್ಧೆಯಿಂದಲೇ ತೆಗೀತಾರೆ!” ಎಂದು ಸ್ವಯಂಸೇವಕಿಯೊಬ್ಬಳು ಕಿರುಚಿದಳು.

“ಹಿಂದ ಸರಿಯೋ ದಾವಲ! ಬಾಯಿನೂ ಬಿಡಬ್ಯಾಡ!” ಎಂದ ಗುರುಲಿಂಗ.

ದಾವಲಸಾಬ ಹಗ್ಗದಾಚೆ ಸರಿದು ನನ್ನನ್ನು ಎದೆಗೆ ಅವುಚಿಕೊಂಡ. ಅವನ ಎದೆ ಹೊಡೆದುಕೊಳ್ಳುವುದು ನನ್ನ ಕೊಳವೆಗೆ ತಾಗುತ್ತಿತ್ತು. ಗುರುಲಿಂಗ ಗಾಲಿ ಬಿಚ್ಚಿದ. ಹಳೆಯ ಟ್ಯೂಬ್ ತೆಗೆದ, ಹೊಸದನ್ನು ಎತ್ತಿಕೊಂಡ. ದಾವಲಸಾಬ ತುಟಿ ಕಚ್ಚಿದ. ಟಯರಿನೊಳಗೆ ನೋಡದೆ ಹಾಕಿದರೆ ಹೋದ ವರ್ಷದ ಕಥೆಯೇ, ಹೇಳುವಂತಿಲ್ಲ.

ಗುರುಲಿಂಗ ಟ್ಯೂಬನ್ನು ಕೆಳಗಿಟ್ಟ. ಟಯರಿನೊಳಗೆ ಒಂದು ಸುತ್ತು ನಿಧಾನವಾಗಿ ಬೆರಳಾಡಿಸಿ ಚೂಪಾದ ಗಾಜಿನ ಚೂರು ಕಿತ್ತ. ಅದನ್ನು ಗೆಳೆಯನ ಕಡೆ ಎತ್ತಿ ತೋರಿಸಿ ಹಲ್ಲು ಕಿರಿದ. ಆಮೇಲೆ ತನ್ನ ಗೇಣುದ್ದದ ಪಂಪಿನಿಂದ ಗಾಳಿ ತುಂಬಿಕೊಂಡು ಹೊರಟ. ಆ ಪುಟಾಣಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಅದರ ಬದಲು ಹೋದ ಜೀವ ಬಂದಂತಾಯಿತು.

ಹನ್ನೆರಡೂ ಇಪ್ಪತ್ತೇಳಕ್ಕೆ ಸೈಕಲ್ ಮುಗಿಸಿದ. ಮೂರು ಗಂಟೆ ದಾಟಿದ ಮೇಲೆ ಕುಂಟುತ್ತ, ನಗುತ್ತ ಓಟವನ್ನೂ ಮುಗಿಸಿದ. ದಾವಲಸಾಬ ಮರಳಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ನಾನು ಪಕ್ಕದಲ್ಲಿ ಉರುಳಿಬಿದ್ದಿದ್ದೆ, ಯಾರಿಗೂ ಬೇಡವಾಗಿ, ಬಹಳ ಸುಖವಾಗಿ.

ಈಗ ಅಂಗಡಿಗೆ ಕರೆಂಟಿನ ಕಂಪ್ರೆಸರ್ ಬಂದಿದೆ. ನನ್ನ ವಾಷರ್ ಸವೆದಿದೆ, ಮೂಲೆ ಹಿಡಿದಿದ್ದೇನೆ. ಸಾವಿರಾರು ಗಾಲಿಗಳಿಗೆ ಉಸಿರು ಕೊಟ್ಟೆನಾದರೂ ನೆನಪಾಗುವುದು ಏನೂ ಮಾಡದೆ ನಿಂತ ಆ ಹತ್ತು ನಿಮಿಷವೇ. ಕೆಲವು ಸಲ ಜೊತೆಗೆ ಹೋಗುವುದಷ್ಟೇ ನಮ್ಮ ಪಾಲಿನ ಕೆಲಸ.

ಅಂದು ಕಾರವಾರದಿಂದ ಊರಿಗೆ ಬಂದ ಮರುದಿನ ಗುರುಲಿಂಗ ಸೈಕಲ್ಲನ್ನು ಅಂಗಡಿಗೆ ತಂದು ಗೆಳೆಯನ ಎದುರು ನಿಲ್ಲಿಸಿದ್ದ. ದಾವಲಸಾಬ ಕೈಯಲ್ಲಿದ್ದ ಕೆಲಸ ಬಿಟ್ಟೆದ್ದ. ಕೈ ಒರೆಸಿಕೊಂಡ. ಆಮೇಲೆ ಸೈಕಲ್ಲನ್ನು ಮಗುಚಿ ಹಾಕಿ, “ಚೈನಿಗೆ ಎಷ್ಟು ಎಣ್ಣಿ ಸುರದೀಯೋ ಮಾರಾಯಾ, ಭಜಿ ಕರೀತಿಯೇನು?” ಎಂದು ಬೈಯತೊಡಗಿದ.