ಕೇಳದೆ ಹಾಕಿದ ಕತ್ತರಿ

ಬೀದಿಯವರೆಲ್ಲ ಅವಳನ್ನು ಪಾರ್ಲರಕ್ಕ ಎಂದೇ ಕರೆಯುತ್ತಿದ್ದರು. ಮುಖ್ಯರಸ್ತೆಯ ತಿರುವಿನಲ್ಲಿ ಅವಳದೊಂದು ಬ್ಯೂಟಿ ಪಾರ್ಲರ್ ಇತ್ತು. ಒಂದು ಕುರ್ಚಿ ಅವಳದು, ಇನ್ನೊಂದು ಮಗಳದು. ಕತ್ತರಿ ಹಿಡಿದೇ ಮಗಳನ್ನು ಓದಿಸಿದ್ದಳು, ಮನೆಗೆ ತಾರಸಿ ಹಾಕಿಸಿದ್ದಳು. ಯಾರೇ ಬಂದು ಕೂತರೂ ಮೊದಲು ಕೂದಲನ್ನು ಬೆರಳಿನಲ್ಲಿ ಹಿಡಿದು, ಕನ್ನಡಿಯಲ್ಲಿ ಅವರ ಕಣ್ಣು ನೋಡಿ, "ಎಷ್ಟು ತೆಗೀಲಿ?" ಎಂದು ಕೇಳುವಳು. ಅವರು ಹೇಳಿದ ಮೇಲೆ, "ಇಷ್ಟಾ? ಸರಿಯಾಗಿ ನೋಡ್ಕೊಳ್ಳಿ" ಎಂದು ಇನ್ನೊಮ್ಮೆ ಕೇಳುವಳು.

ಮನೆಯ ಗೇಟಿಗೂ ಮೆಟ್ಟಿಲಿಗೂ ನಡುವೆ ಇದ್ದ ಜಾಗಕ್ಕೆ ಅಂಗಳ ಅನ್ನುವುದು ಬರೀ ಉಪಚಾರದ ಮಾತು. ಎರಡು ಕುರ್ಚಿ ಹಾಕಿದರೆ ಮೂರನೆಯವರು ನಿಂತೇ ಇರಬೇಕು. ನೆಲಕ್ಕೆ ಹಾಕಿದ್ದ ಸಿಮೆಂಟು ಬಿರುಕು ಬಿಟ್ಟಿತ್ತು. ಒಂದು ರಜೆಯ ದಿನ ಪಾರ್ಲರಕ್ಕನೂ ಮಗಳೂ ಸೇರಿ ಹಾರೆಯಿಂದ ಮೂಲೆಯ ಸಿಮೆಂಟು ಎಬ್ಬಿಸಿದರು. ಅಡಿಯಲ್ಲಿ ಇಟ್ಟಿಗೆ ಚೂರು, ತುಕ್ಕು ಹಿಡಿದ ಮೊಳೆ, ಕಲ್ಲಿನಂಥ ಮಣ್ಣು. ಅದನ್ನೆಲ್ಲ ಬಾಚಿ ತೆಗೆದು, ಮರಳು, ಗೊಬ್ಬರ ಬೆರೆಸಿ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಕೊನೆಗೆ ಒಂದು ಗಿಡಕ್ಕಾಗುವಷ್ಟು ನೆಲ ಮಾಡಿಕೊಂಡರು.

ನರ್ಸರಿಯವನು ಕೊಟ್ಟದ್ದು ಕ್ರೇಪ್ ಮರ್ಟಲ್ ಎಂಬ ಹೂವಿನ ಗಿಡ. "ಹೊಳೆದಾಸವಾಳದ ಕಡೆಯ ಸಂಬಂಧ, ಆದ್ರೆ ಇದು ಕುಳ್ಳ ಜಾತಿ ಅಕ್ಕಾ" ಎಂದಿದ್ದ ಅವನು. "ನಿಮ್ಮ ಎದೆ ಮಟ್ಟಕ್ಕೆ ಬಂದ್ರೆ ಅದೇ ಹೆಚ್ಚು. ಚೆನ್ನಾಗಿ ಬಿಸಿಲು ಬೀಳ್ಬೇಕು, ಬುಡದಲ್ಲಿ ನೀರು ನಿಲ್ಬಾರ್ದು. ಚಳಿಗಾಲಕ್ಕೆ ಎಲೆ ಉದುರಿಸುತ್ತೆ, ಗಾಬರಿ ಆಗ್ಬೇಡಿ."

ಮೊದಲ ಬೇಸಿಗೆ ನಾಲ್ಕು ಗೊಂಚಲು ಬಿಟ್ಟು ಸುಮ್ಮನಾಯಿತು. ಮರುವರ್ಷ ಮಾತ್ರ ಗಿಡವೇ ಕಾಣದಷ್ಟು ಹೂವು. ದಾಳಿಂಬೆ ಕಾಳಿನ ಬಣ್ಣ. ಒಂದೊಂದು ಎಸಳೂ ಇಸ್ತ್ರಿ ಕಾಣದ ರೇಷ್ಮೆಯಂತೆ ಸುಕ್ಕುಸುಕ್ಕು. ದಿನವಿಡೀ ನಿಂತು ದುಡಿದು ಬಂದವಳು ಚಪ್ಪಲಿ ಕಳಚಿ, ಮೆಟ್ಟಿಲ ಮೇಲೆ ಕಾಲು ಚಾಚಿ ಅದನ್ನು ನೋಡುತ್ತ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ.

ಆ ವರ್ಷವೇ ಗಂಡ ನಿವೃತ್ತನಾದ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವನು. ಕಾರ್ಖಾನೆ ಅವನನ್ನು ಬಿಟ್ಟಿತೇ ಹೊರತು ಅವನು ಕಾರ್ಖಾನೆಯನ್ನು ಬಿಡಲಿಲ್ಲ. ಮೊದಲ ವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಅವಳು ಉಪ್ಪಿಗೆಂದು ಕೈ ಹಾಕಿದರೆ ಸೋಡಾ ಪುಡಿ ಸಿಕ್ಕಿತು. ಆಮೇಲೆ, ನೆಲ ಗುಡಿಸುತ್ತವೆ ಎಂದು ಪರದೆಗಳನ್ನು ಕತ್ತರಿಸಿ ಹೊಲಿಸಿಕೊಂಡು ಬಂದ. ಅವಳು ಬೆನ್ನು ಒರಗಿಸಿಕೊಳ್ಳುತ್ತಿದ್ದ ಹಳೆಯ ಬೆತ್ತದ ಕುರ್ಚಿ ಒಂದು ಸಂಜೆ ನಾಪತ್ತೆ. "ಗುಜರಿಯವನಿಗೆ ಕೊಟ್ಟೆ. ಕಾಲು ಅಲ್ಲಾಡ್ತಿತ್ತಲ್ಲೇ" ಎಂದ.

ಪ್ರತಿ ಸಲವೂ ಅವಳು ಹಲ್ಲು ಕಚ್ಚಿಕೊಂಡಳು. ಮನೆಯಲ್ಲಿ ಕೂತು ಅಭ್ಯಾಸವಿಲ್ಲದ ಜೀವ, ಹೋಗಲಿ ಎಂದುಕೊಂಡಳು. ಮಗಳೇ ಒಮ್ಮೆ, "ಅಮ್ಮಾ, ನೀನು ಸುಮ್ಮನಿದ್ದಷ್ಟೂ ಅಪ್ಪ ನಿನ್ನ ತಲೆ ಮೇಲೆ ಕೂರ್ತಾರೆ" ಎಂದು ಗದರಿದ್ದಳು.

ಚಳಿಗಾಲ ಬಂತು. ಎಲೆ ಕೆಂಪಾಗಿ ಉದುರಿತು. ಸಿಪ್ಪೆ ಸುಲಿದ ರೆಂಬೆಗಳು ನುಣ್ಣಗೆ, ತಿಳಿಗಂದು ಬಣ್ಣದಲ್ಲಿ ಹೊಳೆಯುತ್ತಿದ್ದವು. ಅವಳಿಗೆ ಹೂವಿನಷ್ಟೇ ಆ ಬೋಳು ರೆಂಬೆಗಳೂ ಇಷ್ಟವಾಗಿದ್ದವು.

ಒಂದು ಸಂಜೆ ಮಗಳ ಜೊತೆ ಬಂದು ಗೇಟು ತೆಗೆದರೆ ರೆಂಬೆಗಳಿರಲಿಲ್ಲ. ಮೊಣಕಾಲಿನೆತ್ತರಕ್ಕೆ ನಾಲ್ಕು ಮೋಟುಗಳು. ಗರಗಸದ ಹಲ್ಲು ತಾಗಿದ ಕಡೆ ಬಿಳಿ ಮರ ಸೀಳಿ ನಿಂತಿತ್ತು. ಕತ್ತರಿಸಿದ ರೆಂಬೆಗಳನ್ನು ಗಂಡ ಒಂದೇ ಅಳತೆಗೆ ತುಂಡು ಮಾಡಿ, ಕಟ್ಟು ಕಟ್ಟಿ, ಗೇಟಿನ ಪಕ್ಕ ಒರಗಿಸಿದ್ದ.

ಅವನು ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹೊರಗೆ ಬಂದ. "ನೋಡು, ಎಷ್ಟು ನೀಟಾಯ್ತು! ಸತ್ತೇ ಹೋಗಿತ್ತು ಕಣೇ. ಒಂದೆಲೆ ಇರ್ಲಿಲ್ಲ. ಎದುರುಮನೆ ಮೇಷ್ಟ್ರೂ ಹೇಳಿದ್ರು, ಹೀಗೆ ಬೋಳಿಸಿದ್ರೆ ಹೊಸದಾಗಿ ಬರುತ್ತೆ ಅಂತ."

ಪಾರ್ಲರಕ್ಕ ಅವನತ್ತ ತಿರುಗಿದಳು. "ಸತ್ತಿದ್ರೆ ಹೊಸದಾಗಿ ಹೇಗ್ರೀ ಬರುತ್ತೆ?"

"ಅಂದ್ರೆ... ಸತ್ತ ಹಾಗಿತ್ತು ಅಂದೆ."

"ನನ್ನನ್ನ ಯಾಕೆ ಕೇಳ್ಲಿಲ್ಲ?"

"ಇದನ್ನೂ ಕೇಳ್ಬೇಕೇನೇ? ಒಂದು ಗಿಡಕ್ಕೆ ಎಷ್ಟು ರಂಪ! ಬೆಳೆಯುತ್ತೆ ಬಿಡು. ಕೂದಲಿದ್ದ ಹಾಗೆ."

ಮಗಳು "ಅಪ್ಪಾ!" ಎನ್ನುವಷ್ಟರಲ್ಲಿ ಹೊತ್ತು ಮೀರಿತ್ತು. ಪಾರ್ಲರಕ್ಕ ಹೆಗಲ ಚೀಲದಿಂದ ಕೆಲಸದ ಕತ್ತರಿ ತೆಗೆದಳು. ಗಂಡನಿಗೆ ಪೊದೆಮೀಸೆ ಇತ್ತು. ಕಾರ್ಖಾನೆಯ ಹುಡುಗರು ಹೆದರುತ್ತಿದ್ದದ್ದು ಈ ಮೀಸೆಗೇ ಎಂದು ಅವನ ನಂಬಿಕೆ. ಅದನ್ನು ತಿದ್ದಿ, ಕಪ್ಪು ಹಚ್ಚಿ ಕಾಪಾಡಿಕೊಂಡು ಬಂದವಳು ಅವಳೇ.

"ಕೂತ್ಕೊಳ್ಳಿ. ಈ ಮೀಸೆ ತೆಗೀಲಾ?"

"ಬೇಡ! ಏನೇ, ತಲೆ ಕೆಟ್ಟಿದೆಯಾ?"

"ಬೆಳೆಯುತ್ತೆ ಬಿಡಿ. ಕೂದಲು ತಾನೇ. ಕೂತ್ಕೊಳ್ರೀ!"

ಅವನು ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡು ಬಾಗಿಲಿಗೆ ಬೆನ್ನು ಹಚ್ಚಿ ನಿಂತ. ಎದುರುಮನೆಯ ಮೇಷ್ಟ್ರು ಪೇಪರ್ ಕೆಳಗಿಳಿಸಿ ನೋಡಿದರು. "ಮೆಲ್ಲಗೆ ಮಾತಾಡೇ, ಜನ ನೋಡ್ತಿದ್ದಾರೆ" ಎಂದ ಬೆರಳ ಸಂದಿನಿಂದ.

"ನೋಡ್ಲಿ! ನಾನು ಕೇಳಿದೆ, ನೀವು ಬೇಡ ಅಂದ್ರಿ. ಇಗೋ, ಕತ್ತರಿ ಒಳಗಿಟ್ಟೆ. ಎಷ್ಟು ಸುಲಭ ನೋಡಿದ್ರಾ? ಇಷ್ಟು ವರ್ಷದಲ್ಲಿ ಕೇಳದೆ ನಾನು ಒಬ್ಬರ ಒಂದೆಳೆ ಮುಟ್ಟಿಲ್ಲ. ಡಬ್ಬಿ ನನ್ನದು, ಪರದೆ ನನ್ನದು, ಕುರ್ಚಿ ನನ್ನದು. ಒಂದನ್ನಾದ್ರೂ ಕೇಳಿದ್ರಾ? ಈ ಮನೇಲಿ ನಾನೂ ಒಬ್ಬಳಿದ್ದೀನಿ, ಗೊತ್ತಾ ನಿಮಗೆ?"

ಅವಳ ದನಿ ಒಡೆಯಿತು. ಅದು ಅಳುವಲ್ಲ, ಆದರೆ ಅವನು ಅಳುವೆಂದೇ ತಿಳಿದು, "ಆಯ್ತು, ಆಯ್ತು, ಒಳಗೆ ಬಾ" ಎಂದು ಸಮಾಧಾನ ಮಾಡಲು ಕೈ ಚಾಚಿದ. ಅದು ಅವಳನ್ನು ಇನ್ನಷ್ಟು ಉರಿಸಿತು. ಆ ಕೈ ಸರಿಸಿ ಒಳಗೆ ಹೋದಳು.

ಚಳಿ ಮುಗಿಯುವವರೆಗೆ ಗಂಡಹೆಂಡತಿಯ ನಡುವೆ ಮಾತು ಅಳೆದು ತೂಗಿದಂತಿತ್ತು. ಬಿಸಿಲೇರಿದಂತೆ ಮೋಟುಗಳ ಸುತ್ತ ಚಿಗುರು ಮುಗಿಬಿದ್ದು ಬಂತು. ಒಂದೊಂದು ಮೋಟೂ ತಲೆಕೆಳಗಾದ ಪೊರಕೆ! ಕಡ್ಡಿಯಂಥ ರೆಂಬೆಗಳ ತುದಿಯಲ್ಲಿ ಎಂದೂ ಇಲ್ಲದಷ್ಟು ದೊಡ್ಡ ಗೊಂಚಲು ಬಿಟ್ಟವು. ಗಿಡ ಸತ್ತಿದ್ದರೆ ದುಃಖಪಟ್ಟು ಮುಗಿಯುತ್ತಿತ್ತು. ಅದು ಬದುಕಿ, ಹೂವನ್ನೂ ಬಿಟ್ಟು, ಗಂಡನ ಬಾಯಿಗೆ ಬಲ ತಂದಿತು. ಗೇಟಿನಲ್ಲಿ ನಿಂತು, ಹೋಗಿ ಬರುವವರನ್ನೆಲ್ಲ ಕರೆದು, "ನಾನೇ ಬೋಳಿಸಿದ್ದು. ಗಿಡಕ್ಕೂ ಸ್ವಲ್ಪ ಶಿಸ್ತು ಬೇಕು ಸಾರ್" ಎನ್ನುತ್ತಿದ್ದ. ಮೇಷ್ಟ್ರು ತಲೆಯಾಡಿಸುತ್ತಿದ್ದರು. ಪಾರ್ಲರಕ್ಕ ಕೆಲಸಕ್ಕೆ ಹೊರಟಾಗಲೂ ಇದೇ ಭಾಷಣ, ಬಂದಾಗಲೂ ಇದೇ ಭಾಷಣ. ಅವಳು ಗೇಟನ್ನು ಎಷ್ಟು ಜೋರಾಗಿ ಹಾಕುತ್ತಿದ್ದಳೆಂದರೆ ಅಗುಳಿಯೇ ಸೊಟ್ಟಗಾಯಿತು.

ಆಮೇಲೆ ಒಂದು ಮಧ್ಯಾಹ್ನ ಗಾಳಿಮಳೆ ಹೊಡೆಯಿತು. ನೀರು ಕುಡಿದ ಗೊಂಚಲಿನ ಭಾರಕ್ಕೆ ಆ ಎಳೆ ಕಡ್ಡಿಗಳು ಬಾಗಿ ಕೆಸರಿಗೆ ಮುಖವಿಟ್ಟವು. ಮೂರು ಕಡ್ಡಿಗಳು ಬುಡದಿಂದಲೇ ಕಿತ್ತು ಬಿದ್ದಿದ್ದವು. ಅವಳು ಬರುವ ಹೊತ್ತಿಗೆ ಗಂಡ ಉಳಿದವನ್ನೆಲ್ಲ ಒಟ್ಟುಗೂಡಿಸಿ, ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು, ಕಬ್ಬಿಣದ ಸರಳಿಗೆ ಕಟ್ಟುತ್ತಿದ್ದ. "ಮಳೆಯದೇ ತಪ್ಪು" ಎಂದ, ಅವಳು ಕೇಳದೆಯೇ.

ಪಾರ್ಲರಕ್ಕ ಈ ಸಲ ಕೂಗಲಿಲ್ಲ. ಹಗ್ಗ ಬಿಚ್ಚಿದಳು. ಕೋಪ ಇಳಿದಿರಲಿಲ್ಲ, ಹೆಪ್ಪುಗಟ್ಟಿತ್ತು. ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿ, ಎಲೆ ಉದುರುವ ಕಾಲಕ್ಕೆ ಕಾದಳು.

ಎಲೆ ಉದುರಿದ ಮೇಲೆ ಒಂದು ಬೆಳಿಗ್ಗೆ ತಾಯಿಮಗಳು ಗಿಡದ ಸುತ್ತ ಅಗೆದರು. ಬೇರಿನ ಸುತ್ತಲಿನ ಮಣ್ಣು ಕಳಚದಂತೆ ಗೋಣಿ ಸುತ್ತಿ, ಗೂಡ್ಸ್ ಆಟೋಗೆ ಏರಿಸಿದರು. ಗಂಡ ಹಲ್ಲುಜ್ಜುತ್ತಲೇ ಓಡಿ ಬಂದ.

"ಎಲ್ಲಿಗೆ? ಇದು ಮನೆ ಗಿಡ ಕಣೇ!"

"ನನ್ನ ಗಿಡ. ಅಂಗಡಿ ಮುಂದೆ ನೆಡ್ತೀನಿ."

"ಇಲ್ಲಿ ಗುಂಡಿ ಬಿತ್ತಲ್ಲ, ಅದಕ್ಕೇನು ಮಾಡ್ಲಿ?"

"ಏನಾದ್ರೂ ನೆಡಿ. ನಾನು ಮುಟ್ಟಲ್ಲ."

ಅವನು ನೊರೆ ಉಗುಳುವುದನ್ನೂ ಮರೆತು ನಿಂತಿದ್ದ. ಅಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನದೊಂದು ವಸ್ತುವನ್ನು ಅವನಿಂದ ದೂರ ಒಯ್ದದ್ದನ್ನು ಅವನು ನೋಡಿರಲಿಲ್ಲ.

ಪಾರ್ಲರಿನ ಮೆಟ್ಟಿಲ ಪಕ್ಕ ದಿನವಿಡೀ ಬಿಸಿಲು ಬೀಳುವ ಜಾಗವಿತ್ತು. ಅಲ್ಲಿ ನೆಟ್ಟು, ಮೋಟುಗಳ ಮೇಲಿನ ಪೊರಕೆಯಂಥ ಚಿಗುರಿನಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿ ಉಳಿಸಿ, ಮಿಕ್ಕದ್ದನ್ನು ತಾನೇ ತೆಗೆದಳು. ಆ ಬೇಸಿಗೆ ಹೂವು ಬಿಡಲೇ ಇಲ್ಲ. ಬೇರು ಕಿತ್ತ ನೋವು ಅದಕ್ಕೂ ಇರಬೇಕಲ್ಲ. ಅವಳು ಅವಸರ ಮಾಡಲಿಲ್ಲ.

ಮನೆಯ ಗುಂಡಿಯಲ್ಲಿ ಗಂಡ ಪುದೀನ ಹಾಕಿದ, ದಾರ ಹಿಡಿದು ನೇರ ಸಾಲಿನಲ್ಲಿ. ಪುದೀನ ಅವನ ಸಾಲಿಗೆ ಸೊಪ್ಪು ಹಾಕದೆ ಬೇಕಾದ ಕಡೆ ಹಬ್ಬಿತು. ಅವಳ ಜೊತೆ ಈಗ ಅವನು ಹುಷಾರಾಗಿ ಮಾತಾಡುತ್ತಿದ್ದ. ಡಬ್ಬಿಗಳನ್ನು ಅವಳೇ ಹಳೆಯ ಜಾಗಗಳಿಗೆ ಇಟ್ಟುಕೊಂಡಾಗ ಕಣ್ಣರಳಿಸಿ ನೋಡಿದನೇ ಹೊರತು ಬಾಯಿ ಬಿಡಲಿಲ್ಲ. ತಪ್ಪಾಯಿತು ಎಂದು ಮಾತ್ರ ಅವನು ಹೇಳಲಿಲ್ಲ. ಆ ಒಂದು ಮಾತಿಗೆ ಅವಳು ಬಹಳ ದಿನ ಕಿವಿ ತೆರೆದಿಟ್ಟಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಅದರ ಮುಂದಿನ ಬೇಸಿಗೆಯಲ್ಲಿ ಗಿಡ ಅವಳ ಸೊಂಟದೆತ್ತರಕ್ಕೆ ಬಂದು, ಪಾರ್ಲರಿನ ಗಾಜಿನವರೆಗೂ ಕೆಂಪು ಹರಡಿ ನಿಂತಿತು. ಗಂಡ ಒಂದು ದಿನ ಊಟದ ಡಬ್ಬಿ ಕೊಡಲು ಬಂದವನು ಅದರ ಮುಂದೆ ಬಹಳ ಹೊತ್ತು ನಿಂತ. ಒಳಗಿನಿಂದ ನೋಡುತ್ತಿದ್ದ ಮಗಳು, "ಪಾಪ, ಒಳಗೆ ಕರೀಲಾ?" ಎಂದಳು.

"ಬೇಕಿದ್ರೆ ಬರ್ತಾರೆ" ಎಂದಳು ಪಾರ್ಲರಕ್ಕ. ಅವಳೊಳಗೆ ಕೋಪ ಇನ್ನೂ ಇತ್ತು. ಅದನ್ನು ಯಾರಿಗೋಸ್ಕರವೂ ಇಳಿಸಿಕೊಳ್ಳುವ ತುರ್ತು ಅವಳಿಗಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಒದ್ದೆ ಕೂದಲನ್ನು ಬಾಚಿ, ಬೈತಲೆ ತೆಗೆದು, ಕೆಲಸ ಮುಂದುವರಿಸಿದಳು.